ಔಷಧದ ಬೆಲೆ ಮತ್ತು ಆಂಟಾಪ್ ಹಿಲ್‌ನ ಒಂದು ಆದೇಶ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತ್‌ಗಳಲ್ಲಿ ಬಿಡಾರ ಹೂಡಿದ ರೋಗಿಗಳನ್ನೂ ಅವರ ಬಂಧುಗಳನ್ನೂ ಕಾಣದ ಮುಂಬಯಿಗರು ವಿರಳ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಆಂಟಾಪ್ ಹಿಲ್‌ನಲ್ಲಿ ಪೇಟೆಂಟ್ ಕಚೇರಿಯಿದೆ. ಔಷಧದ ಬೆಲೆ ಕೈಮೀರಿದಾಗ ನಾವು ಅಗ್ಗದ ಗುಳಿಗೆ ಬರೆದುಕೊಡಿರೆಂದು ವೈದ್ಯರನ್ನು ಕೇಳುತ್ತೇವೆ, ಧರ್ಮಾರ್ಥ ಟ್ರಸ್ಟುಗಳಿಗೆ ಅರ್ಜಿ ಹಾಕುತ್ತೇವೆ, ಕೊನೆಗೆ ಒಡವೆ ಅಡವಿಡುತ್ತೇವೆ. ಆದರೆ ಹೊಸ ಔಷಧಗಳ ಮಟ್ಟಿಗೆ ಬೆಲೆಯ ಬೇರು ಇರುವುದು ಆಸ್ಪತ್ರೆಯಲ್ಲಲ್ಲ, ಈ ಎರಡನೆಯ ಕಟ್ಟಡದಲ್ಲಿ.

ಸ್ವಾತಂತ್ರ್ಯದ ಅನಂತರವೂ ನಮ್ಮಲ್ಲಿ ನಡೆಯುತ್ತಿದ್ದುದು ಬ್ರಿಟಿಷರ 1911ರ ಪೇಟೆಂಟ್ ಕಾಯಿದೆ. ಬಡ ಭಾರತದಲ್ಲಿ ಔಷಧದ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳ ಸಾಲಿನಲ್ಲಿದೆ ಎಂಬುದನ್ನು ಅಮೆರಿಕದ ಸೆನೆಟರ್ ಕಿಫಾವರ್ ಅವರ ಸಮಿತಿಯೇ ಗುರುತಿಸಿತ್ತು. ಹೊರಗಿನವರು ಹೇಳಿದಾಗ ನಮಗೆ ಬೇಗ ಅರ್ಥವಾಗುತ್ತದೆ! ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಸಲ್ಲಿಸಿದ ವರದಿಯ ತಳಹದಿಯ ಮೇಲೆ 1970ರ ಪೇಟೆಂಟ್ ಕಾಯಿದೆ ರೂಪುಗೊಂಡು, 1972ರಲ್ಲಿ ಜಾರಿಗೆ ಬಂತು. ಅದರ ತಿರುಳು ಸರಳ: ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ. ಪಾಯಸ ಯಾರ ಸ್ವತ್ತೂ ಅಲ್ಲ. ಅವರವರ ಪಾಕವಿಧಾನ ಅವರವರದು, ಅದೂ ಕೆಲವೇ ವರ್ಷಗಳ ಮಟ್ಟಿಗೆ.

ಮುಂಬಯಿಯಲ್ಲಿ 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಸ್ಥಾಪಿಸಿದ್ದ ಸಿಪ್ಲಾದಂಥ ಸಂಸ್ಥೆಗಳು ಬೆಳೆದದ್ದು ಈ ಕಾಯಿದೆಯ ನೆರಳಿನಲ್ಲಿ. 2001ರ ಫೆಬ್ರವರಿಯಲ್ಲಿ ಅವರ ಮಗ ಯೂಸುಫ್ ಹಮೀದ್, ಎಚ್‌ಐವಿಗೆ ಬೇಕಾದ ಮೂರು ಔಷಧಗಳ ಸಂಯೋಗವನ್ನು ಗಡಿರಹಿತ ವೈದ್ಯರ ಸಂಘಟನೆಗೆ ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರಿನಂತೆ ಕೊಡಲು ಮುಂದಾದರು. ಆಗ ಪಶ್ಚಿಮದಲ್ಲಿ ಅದರ ಬೆಲೆ 10,000 ಡಾಲರಿಗೂ ಮೇಲಿತ್ತು. ಆ ಅಗ್ಗದ ಬೆಲೆಯ ಹಿಂದೆ ಔದಾರ್ಯವಿದ್ದೀತು. ಅದಕ್ಕಿಂತ ಮೊದಲು, ಔಷಧದ ಮೇಲೆ ಪೇಟೆಂಟ್ ಇಲ್ಲದ ಮೂರು ದಶಕಗಳಿದ್ದವು.

ಆ ಕಾಲ ಮುಗಿಯುತ್ತ ಬಂದಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಕಟ್ಟುಬಿದ್ದು 2005ರಲ್ಲಿ ಭಾರತ ಔಷಧಗಳಿಗೆ ಮತ್ತೆ ಪೇಟೆಂಟ್ ಕೊಡಲಾರಂಭಿಸಿತು. ಆದರೂ ಕಾಯಿದೆಯ 84ನೆಯ ಕಲಮು ಒಂದು ಕಿಂಡಿಯನ್ನು ಉಳಿಸಿಕೊಂಡಿತ್ತು. ಪೇಟೆಂಟ್ ದೊರೆತು ಮೂರು ವರ್ಷವಾದರೂ ಜನರ ಅಗತ್ಯ ಪೂರೈಕೆಯಾಗದಿದ್ದರೆ, ಬೆಲೆ ಎಟುಕದಿದ್ದರೆ, ಅಥವಾ ಪೇಟೆಂಟ್ ಇಲ್ಲಿ ಬಳಕೆಗೆ ಬಾರದಿದ್ದರೆ, ಬೇರೊಬ್ಬರು ತಯಾರಿಸಲು ಕಡ್ಡಾಯ ಪರವಾನಗಿ ಕೇಳಬಹುದು.

ಹೈದರಾಬಾದಿನ ನ್ಯಾಟ್ಕೊ ಕಂಪೆನಿ 2011ರಲ್ಲಿ ಕೇಳಿತು. ಔಷಧ ಜರ್ಮನಿಯ ಬೇಯರ್ ಕಂಪೆನಿಯ ನೆಕ್ಸಾವರ್. ಮೂತ್ರಪಿಂಡ ಮತ್ತು ಯಕೃತ್ತಿನ ಬಲಿತ ಕ್ಯಾನ್ಸರಿಗೆ ಕೊಡುವಂಥದು. ಅದು ರೋಗವನ್ನು ವಾಸಿಮಾಡದು, ಆಯುಸ್ಸನ್ನು ಒಂದಿಷ್ಟು ಮುಂದಕ್ಕೆ ದೂಡುತ್ತದೆ. ತಿಂಗಳಿಗೆ 120 ಗುಳಿಗೆ. ಬೆಲೆ 2,80,428 ರೂಪಾಯಿ. ಮನೆ ಮಾರಿದರೆ ತಂದೆಗೆ ಎಷ್ಟು ತಿಂಗಳು ಸಿಗುತ್ತವೆ ಎಂಬ ಲೆಕ್ಕವನ್ನು ಮಕ್ಕಳು ಮಾಡಬೇಕಾಗುವುದು ಇಂಥ ಔಷಧಗಳಲ್ಲೇ.

2012ರ ಮಾರ್ಚ್ 9ರಂದು ಪೇಟೆಂಟ್ ಮಹಾನಿಯಂತ್ರಕ ಪಿ. ಎಚ್. ಕುರಿಯನ್ ಆದೇಶವಿತ್ತರು. ಅಗತ್ಯವಿದ್ದ ರೋಗಿಗಳಲ್ಲಿ ಶೇಕಡಾ 2ಕ್ಕಿಂತ ತುಸುವೇ ಹೆಚ್ಚು ಮಂದಿಗೆ ಬೇಯರ್ ಔಷಧ ಒದಗಿಸಿತ್ತೆಂದು ಅವರು ಕಂಡುಕೊಂಡರು. ಎಟುಕುವ ಬೆಲೆ ಎಂದರೆ ಯಾರಿಗೆ ಎಟುಕುವುದು? ಸಂಶೋಧನೆಯ ಖರ್ಚು ಹೊತ್ತವರನ್ನೂ ಗಣಿಸಬೇಕೆಂದು ಬೇಯರ್ ವಾದಿಸಿತು. ಬೆಲೆಯನ್ನು ಮುಖ್ಯವಾಗಿ ಜನರ ಕಡೆಯಿಂದಲೇ ಅಳೆಯಬೇಕೆಂದರು ಕುರಿಯನ್. ಸಂಶೋಧನೆಗೆ ಹಣ ಬೇಕೆಂಬುದು ಸುಳ್ಳಲ್ಲ. ಆದರೆ ನೂರಕ್ಕೆ ಎರಡು ಮಂದಿಗೆ ಮಾರಿ ಆ ಹಣ ಹುಟ್ಟುತ್ತದೆಂಬ ವಾದ ನನಗೆ ಒಪ್ಪಿಗೆಯಾಗದು. ನ್ಯಾಟ್ಕೊ 120 ಗುಳಿಗೆಗಳನ್ನು 8,880 ರೂಪಾಯಿ ಮೀರದಂತೆ ಮಾರಬೇಕು, ಬೇಯರ್‌ಗೆ ಶೇಕಡಾ 6 ರಾಯಧನ ಕೊಡಬೇಕು, ವರ್ಷಕ್ಕೆ ಕನಿಷ್ಠ 600 ಬಡ ರೋಗಿಗಳಿಗೆ ಉಚಿತವಾಗಿ ನೀಡಬೇಕು ಎಂಬುದು ಆದೇಶದ ಷರತ್ತು. ಗುಳಿಗೆಯೊಂದರ ಬೆಲೆ 2,300 ರೂಪಾಯಿಯ ಆಚೆಯಿಂದ 74ಕ್ಕೆ ಇಳಿಯಿತು. ಗಿರಣಿಯ ನಿವೃತ್ತ ಕಾರ್ಮಿಕನಿಗೆ 8,880 ಕೂಡ ಹಗುರವಲ್ಲ. ಆದರೆ ಕೈಚಾಚಿ ಹೊಂದಿಸಬಹುದಾದ ಮೊತ್ತ.

ಮೇಲ್ಮನವಿ ಮಂಡಳಿ 2013ರಲ್ಲಿ ರಾಯಧನವನ್ನು ಶೇಕಡಾ 7ಕ್ಕೆ ಏರಿಸಿತಾದರೂ ಪರವಾನಗಿಯನ್ನು ಎತ್ತಿಹಿಡಿಯಿತು. ಮುಂಬಯಿ ಹೈಕೋರ್ಟು 2014ರ ಜುಲೈಯಲ್ಲಿ ಅದನ್ನೇ ಸ್ಥಿರಪಡಿಸಿತು; ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಯರ್‌ನ ಮನವಿಯನ್ನು ತಳ್ಳಿಹಾಕಿತು.

ಕಿಂಡಿ ಇನ್ನೂ ತೆರೆದೇ ಇದೆ, ಅದರೊಳಗೆ ಹಾಯ್ದವರು ಮತ್ತಾರೂ ಇಲ್ಲ. ರಕ್ತದ ಕ್ಯಾನ್ಸರಿನ ಡಸಾಟಿನಿಬ್‌ಗಾಗಿ ಮುಂಬಯಿಯದೇ ಬಿಡಿಆರ್ ಕಂಪೆನಿ ಸಲ್ಲಿಸಿದ ಅರ್ಜಿ, ಪೇಟೆಂಟ್‌ದಾರರೊಡನೆ ಮೊದಲು ಸರಿಯಾಗಿ ಮಾತುಕತೆ ನಡೆಸಲಿಲ್ಲವೆಂಬ ಕಾರಣಕ್ಕೆ 2013ರಲ್ಲಿ ತಿರಸ್ಕೃತವಾಯಿತು. ಮಧುಮೇಹದ ಸ್ಯಾಕ್ಸಾಗ್ಲಿಪ್ಟಿನ್‌ಗಾಗಿ ಲೀ ಫಾರ್ಮಾ ಸಲ್ಲಿಸಿದ್ದ ಅರ್ಜಿ 2016ರಲ್ಲಿ ಬಿದ್ದುಹೋಯಿತು. ನೆಕ್ಸಾವರ್‌ನ ಪೇಟೆಂಟ್ ಅವಧಿ 2020ರಲ್ಲಿ ತಾನಾಗಿಯೇ ಮುಗಿಯಿತು.