ಸಣ್ಣ ಪೊಟ್ಟಣ, ದೊಡ್ಡ ಸುಂಕ

ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ‘ಹೆಜ್ಜುಂಕ’, ‘ಕಿರುಕುಳ’ ಎಂಬ ಮಾತುಗಳು ಬರುತ್ತವೆ. ಮೊದಲನೆಯದು ದೊಡ್ಡ ಸುಂಕ. ಎರಡನೆಯದು ಚಿಲ್ಲರೆ ಸರಕಿನ ಮೇಲಿನ ಸಣ್ಣ ಸುಂಕ. ಇಂದು ‘ಕಿರುಕುಳ’ ಎಂದರೆ ಕಾಟ. ಸುಂಕ ತೆತ್ತವರ ಅನುಭವವೇ ಪದಕ್ಕೆ ಅಂಟಿಕೊಂಡಿತೇನೋ ಎಂದು ಯಾರಾದರೂ ತಮಾಷೆ ಮಾಡಿದರೆ ತಪ್ಪೆನ್ನಲಾಗದು.

ಚಿಲ್ಲರೆ ಸರಕಿಗೆ ಸುಂಕ ಹಾಕಬೇಕೇ, ಬಿಡಬೇಕೇ? ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಹೊರದೇಶದ ಸರಕು ತರಿಸುವ ಈ ಕಾಲದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿದೆ. ಬಿಡುವುದೇ ಲೇಸೆಂದು ಅಮೆರಿಕ 1938ರಲ್ಲಿ ತೀರ್ಮಾನಿಸಿತ್ತು. ಇದರ ಹಿಂದೆ ಇದ್ದದ್ದು ಔದಾರ್ಯವಲ್ಲ, ಲೆಕ್ಕಾಚಾರ. ಒಂದು ಡಾಲರ್ ಬೆಲೆಯ ವಸ್ತುವಿನ ಮೇಲೆ ನಾಲ್ಕು ಕಾಸು ವಸೂಲಿ ಮಾಡಲು ಗುಮಾಸ್ತನಿಗೆ ಕೊಡುವ ಸಂಬಳವೇ ಅದಕ್ಕಿಂತ ಹೆಚ್ಚಾಗುತ್ತಿತ್ತು. ಈ ಒಂದು ಡಾಲರ್ ಮಿತಿ 1978ರಲ್ಲಿ 5 ಡಾಲರ್, 1993ರ ಕಾನೂನಿನಲ್ಲಿ 200 ಡಾಲರ್ ಆಯಿತು. 2016ರಲ್ಲಿ ಒಮ್ಮೆಲೇ 800 ಡಾಲರ್‌ಗೆ ಜಿಗಿಯಿತು.

ಆನ್‌ಲೈನ್ ವ್ಯಾಪಾರಿಗಳ ಕಣ್ಣಿಗೆ ಬಿದ್ದದ್ದು ಈ 800 ಡಾಲರ್. ಸಾವಿರ ಅಂಗಿಗಳು ಒಟ್ಟಿಗೆ ಹಡಗಿನಲ್ಲಿ ಬಂದರೆ ಸುಂಕ. ಅವೇ ಅಂಗಿಗಳು ಸಾವಿರ ಪೊಟ್ಟಣಗಳಾಗಿ ಸಾವಿರ ಗಿರಾಕಿಗಳ ವಿಳಾಸಕ್ಕೆ ಬಂದರೆ ಸುಂಕವಿಲ್ಲ! ಚೀನಾದ ಮಾರಾಟಗಾರರು ಇದನ್ನು ಚೆನ್ನಾಗಿಯೇ ಬಳಸಿಕೊಂಡರು. 2015ರಲ್ಲಿ ಸುಮಾರು 13 ಕೋಟಿಯಿದ್ದ ಇಂಥ ಪೊಟ್ಟಣಗಳು 2024ರಲ್ಲಿ 136 ಕೋಟಿಗೆ ಮುಟ್ಟಿದವು. ಸುಂಕ ಕಟ್ಟಿ ಸರಕು ತರಿಸುತ್ತಿದ್ದ ಅಲ್ಲಿನ ಅಂಗಡಿಕಾರರ ದೂರು ನ್ಯಾಯವಾದದ್ದೇ.

2025ರ ಮೇ 2ರಂದು ಚೀನಾ, ಹಾಂಕಾಂಗ್‌ಗಳಿಗೆ ಈ ವಿನಾಯಿತಿ ನಿಂತಿತು. ಆಗಸ್ಟ್ 29ರಂದು ಉಳಿದೆಲ್ಲ ದೇಶಗಳಿಗೂ. ಪೆಟ್ಟು ಬಿದ್ದದ್ದು ದೊಡ್ಡ ಮಾರಾಟಗಾರರಿಗೆ ಮಾತ್ರವಲ್ಲ. ಅಂಚೆ ಪಾರ್ಸೆಲ್‌ನ ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕೆಂಬುದೇ ಇತ್ಯರ್ಥವಾಗಿರಲಿಲ್ಲ. ವಿಮಾನ ಕಂಪನಿಗಳು ಅಂಚೆ ಮೂಟೆ ಒಯ್ಯಲು ಹಿಂಜರಿದವು. ಭಾರತದ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಪಾರ್ಸೆಲ್ ಬುಕಿಂಗ್ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಕಾಗದ ಪತ್ರಗಳೂ ನಿಂತವು. ಅಲ್ಲಿರುವ ಮಗಳಿಗೆ ಚಟ್ನಿಪುಡಿ ಕಳುಹಿಸುವ ತಾಯಿಯೂ, ಚನ್ನಪಟ್ಟಣದ ಬೊಂಬೆ ಕಳುಹಿಸುವ ಚಿಕ್ಕ ವ್ಯಾಪಾರಿಯೂ ಒಂದೇ ಕೌಂಟರಿನಿಂದ ಹಿಂದಿರುಗಬೇಕಾಯಿತು.

ಅಕ್ಟೋಬರ್ 15ರಂದು ಸೇವೆ ಮತ್ತೆ ಆರಂಭವಾದಾಗ ಘೋಷಿತ ಬೆಲೆಯ ಶೇ. 50ರಷ್ಟು ಸುಂಕವನ್ನು ಬುಕಿಂಗ್ ವೇಳೆಯಲ್ಲೇ ಕಟ್ಟಬೇಕಿತ್ತು. ಸಾವಿರ ರೂಪಾಯಿಯ ಬೊಂಬೆಗೆ ಸುಂಕವೇ ಐನೂರು. ಅಂಚೆ ಖರ್ಚು ಬೇರೆ. ನೂರು ಡಾಲರ್‌ವರೆಗಿನ ಉಡುಗೊರೆಗೆ ಮಾತ್ರ ವಿನಾಯಿತಿ ಉಳಿಯಿತು. ಹೀಗಾಗಿ ಚಟ್ನಿಪುಡಿ ಪಾರಾಯಿತು, ಮಾರಾಟದ ಬೊಂಬೆ ಸಿಕ್ಕಿಬಿತ್ತು.

ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿದ್ದು ಅಧ್ಯಕ್ಷರ ಆದೇಶ. ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಅಂಗೀಕರಿಸಿದ ಕಾಯ್ದೆಯಂತೆ, ಮಾರಾಟದ ಸರಕಿನ ವಿನಾಯಿತಿ 2027ರ ಜುಲೈ 1ರಿಂದ ಕಾನೂನಿನ ಪುಸ್ತಕದಿಂದಲೇ ಹೊರಹೋಗಬೇಕಿದೆ.