ಪುಸ್ತಕವಿಲ್ಲದ ಆ ಎರಡು ತಿಂಗಳು

ಗಡಿನಾಡಿನ ಕನ್ನಡ ಶಾಲೆಗಳ ಬಂಧುಗಳೇ, 2011ರ ಜೂನ್ ತಿಂಗಳನ್ನು ನಾವು ಮೇಷ್ಟ್ರುಗಳು ಮರೆಯುವ ಹಾಗಿಲ್ಲ. ಶಾಲೆ ತೆರೆಯಿತು, ಮಕ್ಕಳು ಬಂದರು, ಪುಸ್ತಕ ಬರಲಿಲ್ಲ.

ಪುಸ್ತಕ ಅಚ್ಚಾಗಿರಲಿಲ್ಲ ಎಂದಲ್ಲ. ರಾಜ್ಯ ಬೋರ್ಡು, ಮೆಟ್ರಿಕ್ಯುಲೇಷನ್, ಆಂಗ್ಲೋ ಇಂಡಿಯನ್, ಓರಿಯಂಟಲ್ ಎಂಬ ನಾಲ್ಕು ಪದ್ಧತಿಗಳನ್ನು ಒಂದು ಮಾಡಲು ಡಿ.ಎಂ.ಕೆ. ಸರ್ಕಾರ 2010ರಲ್ಲಿ 'ಸಮಚ್ಚೀರ್ ಕಲ್ವಿ' (ಸಮಾನ ಶಿಕ್ಷಣ) ಕಾನೂನು ತಂದಿತ್ತು. ಮೊದಲ ವರ್ಷ 1 ಮತ್ತು 6ನೇ ತರಗತಿಗೆ ಜಾರಿಯಾಯಿತು. ಉಳಿದ ತರಗತಿಗಳಿಗೆ ಸುಮಾರು 200 ಕೋಟಿ ರೂಪಾಯಿ ಖರ್ಚಿನಲ್ಲಿ ಪುಸ್ತಕ ಸಿದ್ಧವಾಯಿತು. 2011ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಗುಣಮಟ್ಟ ಸಾಲದು ಎಂದು ಜಯಲಲಿತಾ ಸರ್ಕಾರ ತಿದ್ದುಪಡಿ ತಂದು ತಡೆಯಿತು. ಜುಲೈ 18ರಂದು ಮದ್ರಾಸ್ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟು ಹತ್ತು ದಿನದೊಳಗೆ ಜಾರಿ ಮಾಡಿ ಎಂದಿತು. ಕೊನೆಗೆ ಹಿಂದಿನ ಮುಖ್ಯಮಂತ್ರಿಯ ಪ್ರಸ್ತಾಪವಿದ್ದ ಕಡೆ ಸ್ಟಿಕರ್ ಅಂಟಿಸಿಕೊಂಡು ಪುಸ್ತಕಗಳು ಬಂದವು!

ಗುಣಮಟ್ಟದ ಮಾತು ಪೂರಾ ಸುಳ್ಳೆಂದು ನಾವು ಹೇಳುವುದಿಲ್ಲ. ತಪ್ಪುಗಳನ್ನು ಮರುಮುದ್ರಣದಲ್ಲಿ ತಿದ್ದಬಹುದು, ಹತ್ತನೇ ತರಗತಿಯ ಎರಡು ತಿಂಗಳನ್ನು ತಿದ್ದಲಾಗದು. ವಿಜ್ಞಾನಕ್ಕಂತೂ ಪೆಟ್ಟು ಹೆಚ್ಚು. ತಳಿ ಪಾಠಕ್ಕೆ ನಮ್ಮ ಮತ್ತಿಗಿರಿಯ ದನದ ಫಾರಂ ತೋರಿಸಬಹುದು, ವಕ್ರೀಭವನಕ್ಕೆ ಒಂದು ಲೋಟ ನೀರು, ಪೆನ್ಸಿಲ್ ಸಾಕು. ಆದರೆ ಲ್ಯಾಬ್ ಇಲ್ಲದ ಶಾಲೆಯಲ್ಲಿ ಉಳಿದದ್ದೆಲ್ಲ ಪುಸ್ತಕದ ಚಿತ್ರದಿಂದಲೇ ತಾನೆ?

2024-25ರಲ್ಲಿ ಪಾತ್ರಧಾರಿಗಳು ಬದಲಾದರು. ಪಿಎಂ ಶ್ರೀ ಒಪ್ಪಂದಕ್ಕೆ ತಮಿಳುನಾಡು ಸಹಿ ಹಾಕದಿದ್ದಾಗ ಸಮಗ್ರ ಶಿಕ್ಷಾ ಯೋಜನೆಯ 2,152 ಕೋಟಿ ನಿಂತಿತು. ಈ ಸಲ ತಡೆದವರು ದೆಹಲಿಯವರು, 2025ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಚೆನ್ನೈಯವರು.