ಉಪನ್ಯಾಸ ಬಿಟ್ಟ ವೈದ್ಯಕೀಯ ಶಾಲೆ



ವೈದ್ಯಕೀಯ ಕಾಲೇಜು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ತುಂಬಿದ ಗ್ಯಾಲರಿ, ಎದುರು ನಿಂತು ಪಾಠ ಹೇಳುವ ಪ್ರಾಧ್ಯಾಪಕರು, ತಲೆ ಎತ್ತದೆ ನೋಟ್ಸ್ ಬರೆದುಕೊಳ್ಳುವ ವಿದ್ಯಾರ್ಥಿಗಳು. ಮೊದಲು ಅಂಗರಚನಾಶಾಸ್ತ್ರ, ಶರೀರಶಾಸ್ತ್ರ, ಜೀವರಸಾಯನಶಾಸ್ತ್ರ. ರೋಗಿಯ ಬಳಿಗೆ ಹೋಗುವುದು ಆಮೇಲೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅವರ ಪ್ರಸಿದ್ಧ ವರದಿ ಬಂದ ನಂತರ ಉತ್ತರ ಅಮೆರಿಕದಲ್ಲಿ ಈ ಕ್ರಮ ಆಳವಾಗಿ ಬೇರೂರಿತು.

ಇದನ್ನು ಬದಲಿಸುವ ಧೈರ್ಯ ತೋರಿದ್ದು ಕೆನಡಾದ ಹ್ಯಾಮಿಲ್ಟನ್ ನಗರದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ. ಅದರ ವೈದ್ಯಕೀಯ ಶಾಲೆಯ ಮೊದಲ ಡೀನ್ ಡಾ. ಜಾನ್ ಇವಾನ್ಸ್ ಮತ್ತು ಅವರ ಸಂಗಡಿಗರು 1969ರಲ್ಲಿ 20 ವಿದ್ಯಾರ್ಥಿಗಳೊಂದಿಗೆ ಮೂರು ವರ್ಷಗಳ ಹೊಸ ಕೋರ್ಸ್ ಆರಂಭಿಸಿದರು. ಅಲ್ಲಿ ಸಣ್ಣ ಗುಂಪುಗಳ ಮುಂದೆ ರೋಗಿಯೊಬ್ಬನ ಸಮಸ್ಯೆಯನ್ನು ಇಡಲಾಗುತ್ತಿತ್ತು. ಈತನಿಗೆ ಎದೆನೋವು ಏಕೆ ಬಂತು? ನಮಗೆ ತಿಳಿದಿರುವುದೇನು, ತಿಳಿಯದಿರುವುದೇನು? ವಿದ್ಯಾರ್ಥಿಗಳೇ ಚರ್ಚಿಸಿ, ತಾವೇ ಗ್ರಂಥಾಲಯದಲ್ಲಿ ಹುಡುಕಿ, ಮತ್ತೆ ಸೇರಿ ಒಬ್ಬರಿಗೊಬ್ಬರು ವಿವರಿಸಬೇಕು. ಟ್ಯೂಟರ್ ದಾರಿ ತೋರಿಸುತ್ತಿದ್ದರೇ ಹೊರತು ಉತ್ತರ ಹೇಳುತ್ತಿರಲಿಲ್ಲ. ನರರೋಗ ತಜ್ಞ ಡಾ. ಹೋವರ್ಡ್ ಬ್ಯಾರೋಸ್ ಈ 'ಸಮಸ್ಯಾಧಾರಿತ ಕಲಿಕೆ'ಯನ್ನು ಬೆಳೆಸಿದವರಲ್ಲಿ ಪ್ರಮುಖರು. 1974ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವೈದ್ಯಕೀಯ ಶಾಲೆಯೂ ಇದೇ ಹಾದಿ ಹಿಡಿಯಿತು.

ಆದರೆ ಹೀಗೆ ಕಲಿತವರು ನಿಜಕ್ಕೂ ಉತ್ತಮ ವೈದ್ಯರಾದರೇ? 1993ರಲ್ಲಿ ಪ್ರಕಟವಾದ ಎರಡು ದೊಡ್ಡ ವಿಮರ್ಶೆಗಳು ಮಿಶ್ರ ಉತ್ತರ ಕೊಟ್ಟವು. ವಿದ್ಯಾರ್ಥಿಗಳಿಗೆ ಈ ಕಲಿಕೆ ಹೆಚ್ಚು ಇಷ್ಟವಾಗಿತ್ತು. ರೋಗಿಯನ್ನು ಪರೀಕ್ಷಿಸುವ ಕೆಲಸದಲ್ಲಿ ಅವರು ಇತರರಿಗೆ ಸಮನಾಗಿ ಅಥವಾ ತುಸು ಮುಂದಿದ್ದರು. ಆದರೆ ಮೂಲ ವಿಜ್ಞಾನಗಳ ಪರೀಕ್ಷೆಯಲ್ಲಿ ಕೆಲವೆಡೆ ಹಿಂದೆ ಬಿದ್ದಿದ್ದರು. ಪದವಿಯ ನಂತರದ ವೃತ್ತಿಜೀವನವನ್ನು ಪರಿಶೀಲಿಸಿದ 2008ರ ಮತ್ತೊಂದು ವಿಮರ್ಶೆ, ಅನಿಶ್ಚಿತತೆಯನ್ನು ಎದುರಿಸುವುದು, ರೋಗಿಯೊಂದಿಗೆ ಮಾತನಾಡುವುದು ಮುಂತಾದವುಗಳಲ್ಲಿ ಇವರು ಮೇಲು ಎಂದಿತು.

ಮೆಕ್‌ಮಾಸ್ಟರ್‌ನ ಅನುಭವ ಇನ್ನೂ ಬೋಧಪ್ರದ. 1980ರ ದಶಕದ ಕೊನೆಗೆ ಅಲ್ಲಿನ ಪದವೀಧರರು ವೈದ್ಯ ಪರವಾನಗಿಯ ರಾಷ್ಟ್ರೀಯ ಪರೀಕ್ಷೆಯಲ್ಲಿ ದೇಶದ ಸರಾಸರಿಗಿಂತ ಬಹಳ ಹೆಚ್ಚು ಪ್ರಮಾಣದಲ್ಲಿ ಅನುತ್ತೀರ್ಣರಾದರು. ಶಾಲೆ ತನ್ನ ವಿಧಾನವನ್ನು ಕೈಬಿಡಲಿಲ್ಲ, ದೋಷವನ್ನು ಮುಚ್ಚಿಡಲೂ ಇಲ್ಲ. 1990ರ ದಶಕದ ಆರಂಭದಲ್ಲಿ 'ಪ್ರಗತಿ ಪರೀಕ್ಷೆ'ಯನ್ನು ತಂದಿತು. ಎಲ್ಲ ವರ್ಷದ ವಿದ್ಯಾರ್ಥಿಗಳೂ ವರ್ಷಕ್ಕೆ ಹಲವು ಬಾರಿ ಒಂದೇ ಪ್ರಶ್ನೆಪತ್ರಿಕೆ ಬರೆಯಬೇಕು. ಇಡೀ ವೈದ್ಯಶಾಸ್ತ್ರವೇ ಪಠ್ಯವಾದ್ದರಿಂದ ಬಾಯಿಪಾಠ ಉಪಯೋಗಕ್ಕೆ ಬಾರದು. ತನ್ನ ಕೊರತೆ ಎಲ್ಲಿದೆ ಎಂಬುದು ಮಾತ್ರ ವಿದ್ಯಾರ್ಥಿಗೆ ತಿಳಿಯುತ್ತದೆ. ಕ್ರಮೇಣ ಅನುತ್ತೀರ್ಣರ ಸಂಖ್ಯೆ ಇಳಿಯಿತು.

ನಮ್ಮ ದೇಶದಲ್ಲೂ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಸ್ವಯಂ ಕಲಿಕೆಗೆ ಸಮಯ ಮೀಸಲಿಟ್ಟಿದೆ. ನಿಮ್ಮಲ್ಲಿ ಕೆಲವರು ನಾಳೆ ಆ ತರಗತಿಗಳಲ್ಲಿ ಕೂರುವವರು. ಗುಂಪಿನಲ್ಲಿ ಸುಮ್ಮನೆ ಕುಳಿತು ಬರಬೇಡಿ. ಪ್ರಶ್ನೆ ಕೇಳಿ, ಹುಡುಕಿ ಓದಿ, ಗೆಳೆಯರಿಗೆ ವಿವರಿಸಿ. ಆಮೇಲೆ ನಿಮ್ಮನ್ನು ನೀವೇ ಪರೀಕ್ಷೆಗೆ ಒಡ್ಡಿಕೊಳ್ಳಿ. ನಿಮಗೆ ತಿಳಿಯದೆ ಉಳಿದದ್ದರ ಬೆಲೆಯನ್ನು ಮುಂದೊಂದು ದಿನ ತೆರಬೇಕಾದವರು ನಿಮ್ಮ ರೋಗಿಗಳು.